ಯಾವುದು ಮೂಲ ಪಾಠ?

ಹಳೆಯ ಕಾವ್ಯಗಳ ಪಾಠಾಂತರಗಳನ್ನು ಹೋಲಿಸುವುದು ನನ್ನ ಕಸುಬು. ಇಂಗ್ಲೆಂಡಿನ 'ಯೆಸ್' ತಂಡದ ಕಚೇರಿಗಳ ಸಂಪುಟ 'ಯೆಸ್‌ಸಾಂಗ್ಸ್' (1973) ಕೇಳುವಾಗಲೂ ಅದೇ ತೊಡಕು: ಮೂಲ ಯಾವುದು?

1972ರಲ್ಲಿ ಲಂಡನ್ನಿನ ಅಡ್ವಿಷನ್ ಸ್ಟುಡಿಯೋದಲ್ಲಿ 'ಕ್ಲೋಸ್ ಟು ದಿ ಎಡ್ಜ್' ಸಿದ್ಧವಾದುದು ತುಂಡುತುಂಡಾಗಿ. ಸ್ವಲ್ಪ ಸ್ವಲ್ಪವೇ ನುಡಿಸಿ, ಟೇಪನ್ನು ಕತ್ತರಿಸಿ ಅಂಟಿಸಿ, 18 ನಿಮಿಷಗಳ ಕೃತಿಯನ್ನು ಕಟ್ಟಿದರು. ಹಾಗೆ ಕಟ್ಟಿದುದನ್ನು ಬಳಿಕ ತಾವೇ ಇಡಿಯಾಗಿ ನುಡಿಸಲು ಕಲಿಯಬೇಕಾಯಿತು! ಅಷ್ಟರಲ್ಲಿ ಡ್ರಮ್ ವಾದಕ ಬಿಲ್ ಬ್ರೂಫೋರ್ಡರು 'ಕಿಂಗ್ ಕ್ರಿಮ್ಸನ್' ತಂಡವನ್ನು ಸೇರಿಬಿಟ್ಟರು. ಅವರ ಸ್ಥಾನಕ್ಕೆ ಬಂದ ಅಲನ್ ವೈಟರಿಗೆ ಪ್ರವಾಸಕ್ಕೆ ಮುನ್ನ ದೊರೆತುದು ಕೆಲವೇ ದಿನಗಳ ಅವಕಾಶ.

ಮೂರು ತಟ್ಟೆಗಳ ಈ ಸಂಪುಟದಲ್ಲಿ ಇಬ್ಬರ ಕೈಚಳಕವೂ ಉಂಟು. ಬ್ರೂಫೋರ್ಡರದು ಬಿಗಿಯಾದ, ಚುರುಕಾದ ನಡೆ. ವೈಟರದು ಭಾರವಾದ ಪೆಟ್ಟು. ಧ್ವನಿ ಮಬ್ಬು, ಒಪ್ಪಬೇಕಾದುದೇ. ಆದರೆ 1971ರ ತಟ್ಟೆಯಲ್ಲಿ 9 ನಿಮಿಷ ಚಿಲ್ಲರೆಯಿದ್ದ 'ಯುವರ್ಸ್ ಈಸ್ ನೋ ಡಿಸ್‌ಗ್ರೇಸ್' ಇಲ್ಲಿ 14 ದಾಟುತ್ತದೆ. ಸ್ಟೀವ್ ಹೋವರ ಗಿಟಾರು ಬಿಡುವಾಗಿ ಅಲೆದಾಡಿ ಬರುತ್ತದೆ. ಅದನ್ನು ಕೇಳಿದ ಮೇಲೆ ಸ್ಟುಡಿಯೋದ್ದು ನನಗೆ ಕರಡುಪ್ರತಿಯಂತೆ ತೋರಿತು.

'ಕ್ಲೋಸ್ ಟು ದಿ ಎಡ್ಜ್' ಮಾತ್ರ ಹಾಗಲ್ಲ. ಅದು ಬೇಕೆನಿಸಿದಾಗ ಇಂದಿಗೂ ನಾನು ತೆಗೆಯುವುದು ಕತ್ತರಿಸಿ ಅಂಟಿಸಿದ ತಟ್ಟೆಯನ್ನೇ.