ಕುದುರೆಯ ಒಂದು ದಿನದ ದಾರಿ

ಈ ವಾರ ಒಂದು ಫ್ರೆಂಚ್ ಬರಹವನ್ನು ಕನ್ನಡಕ್ಕೆ ತರುವಾಗ ‘ಅರೋಂದಿಸ್ಮಾ’ ಎಂಬ ಪದ ಅಡ್ಡ ಬಂತು. ತಾಲ್ಲೂಕು ಎನ್ನಲೇ, ಉಪವಿಭಾಗ ಎನ್ನಲೇ?

ಕ್ರಾಂತಿಯ ಮರುವರ್ಷ, 1790ರಲ್ಲಿ, ಫ್ರಾನ್ಸನ್ನು 83 ಡಿಪಾರ್ಟ್‌ಮೆಂಟುಗಳಾಗಿ ಹಂಚಿದರು. ಹಳೆಯ ಪ್ರಾಂತ್ಯಗಳ ಹೆಸರು ಬಿಟ್ಟು ಹೆಚ್ಚಿನವಕ್ಕೆ ನದಿ, ಬೆಟ್ಟಗಳ ಹೆಸರಿಟ್ಟರು. ಕುದುರೆಯೇರಿ ಹೊರಟವರು ಒಂದು ದಿನದೊಳಗೆ ಕೇಂದ್ರ ಪಟ್ಟಣ ಮುಟ್ಟಬೇಕು ಎಂಬುದು ಅಳತೆ. 1800ರಲ್ಲಿ ನೆಪೋಲಿಯನ್ ಡಿಪಾರ್ಟ್‌ಮೆಂಟಿಗೊಬ್ಬ ಪ್ರಿಫೆಕ್ಟನನ್ನೂ ಅದರೊಳಗಿನ ಅರೋಂದಿಸ್ಮಾಗಳಿಗೆ ಸಬ್‌ಪ್ರಿಫೆಕ್ಟರನ್ನೂ ತಂದ. ತಳದಲ್ಲಿ ಕಮ್ಯೂನ್, ಅದಕ್ಕೊಬ್ಬ ಮೇಯರ್.

ಇಂದು ಡಿಪಾರ್ಟ್‌ಮೆಂಟಿಗೂ ಕಮ್ಯೂನಿಗೂ ಚುನಾಯಿತ ಸಭೆಯಿದೆ. ನಡುವಿನ ಅರೋಂದಿಸ್ಮಾಗೆ ಇಲ್ಲ. ಕರ್ನಾಟಕದಲ್ಲೂ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ಪಂಚಾಯಿತಿಯುಂಟು. ಉಪವಿಭಾಗಕ್ಕೆ ಅಸಿಸ್ಟೆಂಟ್ ಕಮಿಷನರ್ ಮಾತ್ರ. ಹಾಗಾಗಿ ‘ಉಪವಿಭಾಗ’ ಎಂದೇ ಬರೆದೆ.

ಆ ಕುದುರೆಯ ಲೆಕ್ಕ ಮಾತ್ರ ತಲೆಯಲ್ಲಿ ಉಳಿಯಿತು. ನಾನಿರುವ ಶೋಳಿಂಗನಲ್ಲೂರ್ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಆದರೆ ಕಂದಾಯದ ಲೆಕ್ಕದಲ್ಲಿ ಕಾಂಚೀಪುರಂ ಜಿಲ್ಲೆಯಲ್ಲೇ ಉಳಿಯಿತು. ಕಸ, ಬೀದಿದೀಪಕ್ಕೆ ಚೆನ್ನೈ. ಕಲೆಕ್ಟರನ್ನು ಕಾಣಬೇಕೆಂದರೆ ದೂರದ ಕಾಂಚೀಪುರಂ. 2018ರಲ್ಲಿ ತಾಲ್ಲೂಕು ಚೆನ್ನೈ ಜಿಲ್ಲೆಗೆ ಬಂತು. ಮನೆ ಬದಲಿಸದವರಿಗೂ ಜಿಲ್ಲೆ ಬದಲಾಯಿತು.

ಇದೇ ಕರಾವಳಿಯ ರಸ್ತೆಯಲ್ಲಿ ತೆಂಕಣಕ್ಕೆ ಹೋದರೆ ಪುದುಚೇರಿ. ಫ್ರೆಂಚರು ಹೋದರೂ ಅಲ್ಲಿ ‘ಕಮ್ಯೂನ್ ಪಂಚಾಯಿತಿ’ಗಳು ಉಳಿದಿವೆ. ಹೆಸರು ಯಾವ ಭಾಷೆಯದಾದರೇನು, ಅರ್ಜಿ ಹಿಡಿದು ಹೊರಟವರು ಕೇಳುವುದು ಒಂದೇ: ಸಂಜೆಯೊಳಗೆ ಮನೆಗೆ ಮರಳಬಹುದೇ?