ಜೂಲ್ ಮಹಾಶಯನೂ ನನ್ನ ರೆಕಾರ್ಡ್ ಪುಸ್ತಕವೂ

ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿ ಮಾಡಿದ್ದ. "ಸರ್, ನಾವು ಮಾಡುವ ಪುಟ್ಟ ಉಪಕರಣ ಶೀತಕಪಾಟಿನೊಳಗೆ ಕೂರುತ್ತದೆ, 250 ಮಿಲಿವಾಟ್ ತೆಗೆದುಕೊಳ್ಳುತ್ತದೆ. ಅಮೆರಿಕದ ಗಿರಾಕಿಗಳು ಅದರ ಶಾಖವನ್ನು ಗಂಟೆಗೆ ಇಷ್ಟು ಬಿ.ಟಿ.ಯು. ಎಂದು ಕೇಳುತ್ತಾರೆ. 0.003412ರಿಂದ ಗುಣಿಸಿ ಕಳಿಸಿದೆ. ಆದರೆ ಆ ಸಂಖ್ಯೆ ಎಲ್ಲಿಂದ ಬಂತು?" ಹತ್ತನೆಯ ತರಗತಿಯಲ್ಲೂ ಹೀಗೆಯೇ ಕೇಳುತ್ತಿದ್ದವನು. ಅವನಿಗೆ ಹೇಳಿದ್ದನ್ನೇ ಕೊಂಚ ವಿಸ್ತರಿಸಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಜೊತೆಗೆ ನನ್ನದೊಂದು ಹಳೆಯ ತಪ್ಪೊಪ್ಪಿಗೆಯೂ ಇದೆ.

ಲೆಕ್ಕ ಸುಲಭ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಮಾಡಲು ಬೇಕಾಗುವ ಶಾಖವೇ ಒಂದು ಬಿ.ಟಿ.ಯು., ಅಂದರೆ ಸುಮಾರು 1055 ಜೂಲ್. ಒಂದು ವಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್, ಗಂಟೆಗೆ 3600 ಜೂಲ್. 3600ನ್ನು 1055ರಿಂದ ಭಾಗಿಸಿದರೆ 3.412. ಮಿಲಿವಾಟಿಗೆ ಅದರ ಸಾವಿರದಲ್ಲೊಂದು ಪಾಲು. ನೂರಾರು ಪಟ್ಟು ಕಷ್ಟವಾದದ್ದು ಆ 1055 ಎಂಬ ಅಂಕಿಯನ್ನು ಕಂಡುಹಿಡಿಯುವ ಕೆಲಸ.

ಜೇಮ್ಸ್ ಪ್ರೆಸ್ಕಾಟ್ ಜೂಲ್ 1818ರಲ್ಲಿ ಮ್ಯಾಂಚೆಸ್ಟರಿನ ನೆರೆಯ ಸ್ಯಾಲ್ಫರ್ಡಿನಲ್ಲಿ ಜನಿಸಿದ. ತಂದೆಯದು ಬಿಯರ್ ತಯಾರಿಸುವ ಉದ್ಯಮ. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿದೆ ಎಂಬುದನ್ನು ಅವನು 1840ರ ಹೊತ್ತಿಗೆ ಕಂಡುಕೊಂಡಿದ್ದ. ನೀವೆಲ್ಲ ಕಂಠಪಾಠ ಮಾಡಿದ ಜೂಲನ ನಿಯಮವಿದೇ. ಆಮೇಲೆ, ಕೆಲಸವೇ ಶಾಖವಾಗುವುದಾದರೆ ಎಷ್ಟು ಕೆಲಸಕ್ಕೆ ಎಷ್ಟು ಶಾಖ ಎಂಬ ಪ್ರಶ್ನೆ ಹಿಡಿದ. ನೀರು ತುಂಬಿದ ಪಾತ್ರೆಯೊಳಗೆ ಹಿತ್ತಾಳೆಯ ರೆಕ್ಕೆಗಳ ಚಕ್ರ. ಹೊರಗೆ ರಾಟೆಗಳ ಮೇಲೆ ಇಳಿಯುವ ಭಾರಗಳು ಅದನ್ನು ತಿರುಗಿಸುತ್ತವೆ. ಭಾರಗಳು ಸುಮಾರು ಐದು ಅಡಿ ಇಳಿಯಬೇಕು, ಮತ್ತೆ ಮೇಲೇರಿಸಬೇಕು, ಹೀಗೆ ಇಪ್ಪತ್ತು ಬಾರಿ. ಇಷ್ಟೆಲ್ಲ ಆದ ಮೇಲೆ ನೀರಿನ ಉಷ್ಣತೆ ಏರುವುದು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸು! ಉಷ್ಣಮಾಪಕದಲ್ಲಿ ಡಿಗ್ರಿಯ ಇನ್ನೂರರಲ್ಲೊಂದು ಭಾಗವನ್ನು ಓದಬಲ್ಲೆನೆಂದು ಅವನು ಹೇಳಿದ. ಹಲವರು ನಂಬಲಿಲ್ಲ. ಅಂತೂ 1850ರಲ್ಲಿ ಪ್ರಕಟವಾದ ಅವನ ಲೆಕ್ಕದಂತೆ ಒಂದು ಬಿ.ಟಿ.ಯು. ಶಾಖಕ್ಕೆ 772 ಅಡಿ-ಪೌಂಡ್ ಕೆಲಸ ಸಮ.

ನನಗೆ ಬಹಳ ಪ್ರಿಯವಾದ ಘಟ್ಟ ಇದರ ನಂತರದ್ದು. ಬ್ರಿಟಿಷ್ ಅಸೋಸಿಯೇಷನ್ ಸಂಸ್ಥೆಯು ಓಮ್ ಎಂಬ ರೋಧಮಾನಕ್ಕೆ ಪ್ರಮಾಣವೊಂದನ್ನು ಸಿದ್ಧಪಡಿಸಿತ್ತು. ಅದನ್ನು ಬಳಸಿ, ಭಾರಗಳ ಬದಲು ವಿದ್ಯುತ್ತಿನಿಂದಲೇ ನೀರು ಕಾಯಿಸಿ, ಜೂಲ್ 1867ರಲ್ಲಿ ಮತ್ತೆ ಅಳೆದ. ಬಂದದ್ದು 772 ಅಲ್ಲ, ಸುಮಾರು 783. ಪ್ರಸಿದ್ಧನಾಗಿದ್ದ, ವಯಸ್ಸು ಐವತ್ತರ ಹತ್ತಿರ. ಅವನು ಅಂಕಿಗಳನ್ನು ತಿದ್ದಲಿಲ್ಲ, ಬಂದುದನ್ನು ಬಂದಂತೆ ಪ್ರಕಟಿಸಿದ. ತಪ್ಪು ಎಲ್ಲಿದೆಯೆಂದು ತಿಳಿಯಲು ನೀರು ಕಡೆಯುವ ಪ್ರಯೋಗವನ್ನು ಮತ್ತೆ ಹೊಸದಾಗಿ ಹೂಡಿದ. 1878ರಲ್ಲಿ ಉತ್ತರ ಬಂತು: 772.55. ಹಾಗಾದರೆ ತಪ್ಪಿದ್ದವನು ಜೂಲ್ ಅಲ್ಲ, ಓಮ್! 1880ರ ದಶಕದ ಮೊದಲಲ್ಲಿ ಕೇಂಬ್ರಿಜ್‌ನಲ್ಲಿ ಲಾರ್ಡ್ ರೇಲಿ ಅಳೆದು ನೋಡಿದಾಗ ಆ ಪ್ರಮಾಣದ ಓಮ್ ಇರಬೇಕಾದುದಕ್ಕಿಂತ ಶೇಕಡಾ 1.3ರಷ್ಟು ಚಿಕ್ಕದಾಗಿತ್ತು. ರೋಧವನ್ನು ಹೆಚ್ಚೆಂದು ನಂಬಿದ್ದರಿಂದ ಖರ್ಚಾದ ವಿದ್ಯುತ್ತೂ ಲೆಕ್ಕದಲ್ಲಿ ಹೆಚ್ಚಾಗಿ ಕಂಡಿತ್ತು. ನನ್ನ ಶಿಷ್ಯನ 250 ಮಿಲಿವಾಟಿನಲ್ಲಿ ಇದು ಮೂರು ಮಿಲಿವಾಟಿಗೂ ಮಿಕ್ಕ ವ್ಯತ್ಯಾಸ.

ಪಾದರಸದ ಉಷ್ಣಮಾಪಕಗಳ ತಿದ್ದುಪಡಿಗಳು ಆಮೇಲೆ ಸೇರಿ 772 ಇಂದು 778 ಆಗಿದೆ. ಒಂದು ಅಡಿ-ಪೌಂಡ್ 1.356 ಜೂಲ್, ಗುಣಿಸಿದರೆ ನಮ್ಮ 1055 ಸಿಕ್ಕುತ್ತದೆ. ವಾಟ್ ಎಂಬ ಹೆಸರನ್ನು ವಿಲಿಯಂ ಸೀಮೆನ್ಸ್ ಸೂಚಿಸಿದ್ದು 1882ರಲ್ಲಿ. 1889ರ ಪ್ಯಾರಿಸ್ ಸಮ್ಮೇಳನವು ವಾಟ್, ಜೂಲ್ ಎರಡನ್ನೂ ಅಂಗೀಕರಿಸಿತು. ಅದೇ ಅಕ್ಟೋಬರಿನಲ್ಲಿ ಜೂಲ್ ತೀರಿಕೊಂಡ. ಸೇಲ್ ಎಂಬ ಊರಿನಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ 772.55 ಎಂದು ಕೆತ್ತಿದ್ದಾರೆ.

ಇನ್ನು ನನ್ನ ವಿಷಯ. 1980ರ ಸುಮಾರಿಗೆ ನಾನು ಬಿ.ಎಸ್ಸಿ. ಓದುತ್ತಿದ್ದಾಗ ಇದೇ ವಿದ್ಯುತ್ ಪ್ರಯೋಗವನ್ನು ಮಾಡಿದ್ದೆ. ಒಂದು ಕ್ಯಾಲೊರಿಗೆ 4.18 ಜೂಲ್ ಬರಬೇಕಿತ್ತು, ನನಗೆ 4.6 ಬಂತು. ಅಂಕ ಹೋದೀತೆಂಬ ಭಯದಿಂದ ರಾತ್ರಿ ಕುಳಿತು ಉಷ್ಣತೆಯ ಅಂಕಿಗಳನ್ನು ತಿದ್ದಿ, 4.2 ಬರುವಂತೆ ರೆಕಾರ್ಡ್ ಬರೆದೆ. ಪೂರ್ತಿ ಅಂಕ ಸಿಕ್ಕಿತು. ಬಹುಶಃ ಆ ಅಮ್ಮೀಟರೇ ಸುಳ್ಳು ಹೇಳುತ್ತಿತ್ತು. ನನ್ನ ಹಿಂದೆ ಬಂದ ಎಷ್ಟು ಹುಡುಗರು ಅದರಲ್ಲಿಯೇ ಪ್ರಯೋಗ ಮಾಡಿ, ನನ್ನಂತೆಯೇ ತಿದ್ದಿ ಬರೆದರೋ! ಅಷ್ಟೇ ಅಲ್ಲ. ಮೇಷ್ಟರಾದ ಮೇಲೆ "ಉತ್ತರ ಸರಿಬರುವ ಹಾಗೆ ನೋಡಿಕೊಳ್ಳಿರೋ" ಎಂದು ನಿಮಗೂ ಹೇಳಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇದನ್ನು ದೂರವಾಣಿಯಲ್ಲಿ ಹೇಳಿದಾಗ ಅವನು ನಕ್ಕ. ಬಳಿಕ ತುಸು ತಡೆದು, "ಸರ್, ಆ 250 ಕೂಡ ನಾವು ಅಳೆದದ್ದಲ್ಲ, ಬಿಡಿಭಾಗದ ವಿವರಪತ್ರದಲ್ಲಿ ಬರೆದಿದ್ದದ್ದು. ನಾಳೆ ಅಳೆದು ನೋಡುತ್ತೇನೆ" ಎಂದ. ಅವನು ಕಳಿಸಿದ್ದ ಲೆಕ್ಕದಂತೆ ಗಂಟೆಗೆ 0.853 ಬಿ.ಟಿ.ಯು. ಅಳತೆಯ ಫಲಿತಾಂಶ ನನಗಿನ್ನೂ ಬಂದಿಲ್ಲ.