ಸಂದೇಶದ ರೂಪವಿನ್ಯಾಸ: ಸಾಮಾನ್ಯರ ಕೈಗೆ ಬಂದ ಒಂದು ವಿದ್ಯೆ

ಬರಹಕ್ಕೆ ರೂಪ ಕೊಡುವ ಅಧಿಕಾರ ಬಹುಕಾಲ ಕೆಲವರ ಕೈಯಲ್ಲಿಯೇ ಇದ್ದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಿಂದ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಆ ಬಳಿಕ ಅಚ್ಚುಮೊಳೆಗಳ ಯುಗ ಬಂದರೂ ಅಕ್ಷರ ಎಷ್ಟು ದಪ್ಪವಿರಬೇಕು, ಸಾಲುಗಳ ನಡುವೆ ಎಷ್ಟು ತೆರಪು ಇರಬೇಕು ಎಂಬುದನ್ನು ನಿಶ್ಚಯಿಸುತ್ತಿದ್ದವರು ಮುದ್ರಣಾಲಯದವರೇ. 1956ರವರೆಗೆ ಮಂಗಳೂರಿನೊಡನೆ ಒಂದೇ ಜಿಲ್ಲೆಯಲ್ಲಿದ್ದ ಕಾಸರಗೋಡಿನ ನಾವು ಆ ಅಚ್ಚಿನ ಓದುಗರಾಗಿ ಬೆಳೆದವರು. ಅದರ ರೂಪದಲ್ಲಿ ಕೈಯಾಡಿಸುವ ಅವಕಾಶ ಓದುಗರಿಗೆ ಇರಲಿಲ್ಲ. ಆ ಅವಕಾಶ ಸಾಮಾನ್ಯರಿಗೆ ಒದಗಿದ ಎಡೆಗಳಲ್ಲಿ ಒಂದು, ಯಾರೂ ಗಂಭೀರವಾಗಿ ಪರಿಗಣಿಸದ ಗಣಕದ ಚಾಟ್ ಕಿಟಕಿ.

1996ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಐಸಿಕ್ಯೂ, 1997ರಲ್ಲಿ ಅಮೆರಿಕದಲ್ಲಿ ಬಂದ ಎಐಎಂ, ಅವುಗಳ ಹಿಂದೆಯೇ ಬಂದ ಯಾಹೂ ಮತ್ತು ಎಂಎಸ್‌ಎನ್ ಮೆಸೆಂಜರ್‌ಗಳು ತತ್‌ಕ್ಷಣದ ಸಂದೇಶವನ್ನು ಮನೆಮಾತಾಗಿಸಿದವು. ಆದರೆ ಸಂದೇಶ ತೋರುವ ಬಗೆ ತಂತ್ರಾಂಶದೊಳಗೇ ಬಿಗಿಯಲ್ಪಟ್ಟಿತ್ತು. ಅಕ್ಷರದ ಬಣ್ಣ, ಗಾತ್ರಗಳ ಆಯ್ಕೆಯನ್ನು ಮೀರಿ ಹೋಗುವುದು ಬಳಕೆದಾರರಿಗೆ ಸುಲಭವಿರಲಿಲ್ಲ.

ಈ ಬಿಗಿ ಸಡಿಲಗೊಳ್ಳಲು ಹಿನ್ನೆಲೆಯಾಗಿ ಮೂರು ಬೆಳವಣಿಗೆಗಳನ್ನು ಹೇಳಬಹುದು. 1994ರಲ್ಲಿ ಹೋಕನ್ ವಿಯುಮ್ ಲೀ ಅವರು ಜಾಲಪುಟದ ವಿಷಯವನ್ನೂ ಅದರ ಅಲಂಕಾರವನ್ನೂ ಬೇರ್ಪಡಿಸುವ ಸಿಎಸ್‌ಎಸ್ ಎಂಬ ವಿಧಾನವನ್ನು ಮುಂದಿಟ್ಟರು. 1996ರ ಡಿಸೆಂಬರಿನಲ್ಲಿ ಅದು ಅಧಿಕೃತ ಶಿಫಾರಸಾಯಿತು. 1998ರಲ್ಲಿ ವಿನ್‌ಆ್ಯಂಪ್ ಎಂಬ ಸಂಗೀತ ತಂತ್ರಾಂಶ ತನ್ನ ಹೊರಕವಚವನ್ನು ಬಳಕೆದಾರರೇ ರಚಿಸಿಕೊಳ್ಳಲು ಬಿಟ್ಟಿತು. ಮೂರನೆಯದಾಗಿ, ಕೆಡಿಇ ಬಳಗದ ಸ್ವಯಂಸೇವಕರು ಕಟ್ಟಿದ ಕೆಎಚ್‌ಟಿಎಂಎಲ್ ಎಂಬ ಮುಕ್ತ ಯಂತ್ರಾಂಗವನ್ನು ಆಪಲ್ ಸಂಸ್ಥೆ ಎತ್ತಿಕೊಂಡು ವೆಬ್‌ಕಿಟ್ ಆಗಿ ಬೆಳೆಸಿತು. 2003ರಲ್ಲಿ ಬಂದ ಸಫಾರಿ ಅದರ ಫಲ. ಜಾಲಪುಟ ತೋರಿಸುವ ಈ ಯಂತ್ರಾಂಗವನ್ನು ಇತರ ತಂತ್ರಾಂಶಗಳ ಒಳಗೂ ಕೂರಿಸಬಹುದಾಯಿತು.

ಆಡಮ್ ಐಸರ್ ಎಂಬ ವಿದ್ಯಾರ್ಥಿ 2001ರಲ್ಲಿ ಆರಂಭಿಸಿದ ಏಡಿಯಂ ಎಂಬ ಮುಕ್ತ ಚಾಟ್ ತಂತ್ರಾಂಶ ಈ ಅನುಕೂಲವನ್ನು ಬಳಸಿಕೊಂಡಿತು. ಅದರ ಸಂಭಾಷಣೆಯ ಕಿಟಕಿ ಒಂದು ಪುಟ್ಟ ಜಾಲಪುಟವಾಯಿತು. ಥೀಮ್ ಎಂಬುದು ಯಾರೂ ತೆರೆದು ಓದಬಹುದಾದ ಕೆಲವು ಪಠ್ಯ ಕಡತಗಳ ಒಂದು ಕಟ್ಟು ಮಾತ್ರ. ಬಂದ ಸಂದೇಶಕ್ಕೆ ಒಂದು ಎಚ್‌ಟಿಎಂಎಲ್ ಕಡತ, ಕಳುಹಿಸಿದ್ದಕ್ಕೆ ಇನ್ನೊಂದು, ಬಣ್ಣ ಅಂಚು ತೆರಪುಗಳಿಗೆ ಒಂದು ಸಿಎಸ್‌ಎಸ್ ಕಡತ. ಕಳುಹಿಸಿದವರ ಹೆಸರು, ಸಂದೇಶ, ವೇಳೆ ಇವು ಬರಬೇಕಾದ ಜಾಗದಲ್ಲಿ ಶೇಕಡಾ ಚಿಹ್ನೆಗಳ ನಡುವೆ ಒಂದೊಂದು ಗುರುತುಪದ. ಸಂದೇಶ ಬಂದಾಗ ತಂತ್ರಾಂಶ ಆ ಗುರುತುಗಳ ಸ್ಥಾನದಲ್ಲಿ ನಿಜವಾದ ಹೆಸರನ್ನೂ ಮಾತನ್ನೂ ತುಂಬುತ್ತಿತ್ತು.

ಕೋಡಿಂಗ್‌ನ ಗಂಧವಿಲ್ಲದವರಿಗೂ ಇಲ್ಲಿ ಒಂದು ಪಾಠಶಾಲೆ ತೆರೆಯಿತು. ಇದ್ದ ಥೀಮೊಂದರ ಪ್ರತಿಯನ್ನು ತೆಗೆದು, ಒಂದು ಬಣ್ಣದ ಸಂಖ್ಯೆಯನ್ನು ಬದಲಿಸಿ, ಪರಿಣಾಮ ಕಂಡರೆ ಮೊದಲ ಪಾಠ ಮುಗಿದಂತೆ. ಗುರುತುಪದಗಳ ಮೂಲಕ, ಬೆಲೆ ಬದಲಾಗುತ್ತಿದ್ದರೂ ಹೆಸರು ಬದಲಾಗದ ‘ಚರ’ದ ಕಲ್ಪನೆ ತಾನಾಗಿ ಮನದಟ್ಟಾಗುತ್ತಿತ್ತು. ಒಬ್ಬರೇ ಬೆನ್ನುಬೆನ್ನಿಗೆ ಬರೆದಾಗ ಹೆಸರು ಮರುಕಳಿಸದಂತೆ ಬೇರೆಯೇ ಕಡತ ಇದ್ದುದರಿಂದ, ಸಂದರ್ಭಕ್ಕೆ ತಕ್ಕಂತೆ ಕವಲೊಡೆಯುವ ತರ್ಕದ ಪರಿಚಯವೂ ಆಗುತ್ತಿತ್ತು. ಒಂದೇ ವಿನ್ಯಾಸಕ್ಕೆ ಹಲವು ಬಣ್ಣದ ಪ್ರಭೇದಗಳನ್ನು ಕಟ್ಟುವಾಗ, ಸಾಮಾನ್ಯವಾದುದನ್ನು ಒಮ್ಮೆ ಬರೆದು ವಿಶೇಷವನ್ನಷ್ಟೇ ಮೇಲೆ ಸೇರಿಸುವ ಶಿಸ್ತು ಮೈಗೂಡುತ್ತಿತ್ತು. ಗಣಕವಿಜ್ಞಾನದ ಪುಸ್ತಕಗಳು ಅಧ್ಯಾಯಗಟ್ಟಲೆ ವಿವರಿಸುವ ತತ್ತ್ವಗಳನ್ನು ಕಲಿಯುವವರು ಗೆಳೆಯರೊಂದಿಗಿನ ಹರಟೆಯನ್ನು ಅಲಂಕರಿಸುತ್ತಲೇ ಗ್ರಹಿಸಬಹುದಿತ್ತು. ಮುಂದೆ ಕೆಡಿಇ ಬಳಗದ ಕೊಪೀಟ್ ಮತ್ತು ಗ್ನೋಮ್ ಬಳಗದ ಎಂಪಥಿ ತಂತ್ರಾಂಶಗಳೂ ಈ ಥೀಮ್‌ಗಳ ಮಾದರಿಯನ್ನೇ ಒಪ್ಪಿಕೊಂಡವು. ಕೆಡಿಇಯಿಂದ ಹೊರಟ ಯಂತ್ರಾಂಗದ ಫಲ ಹೀಗೆ ಕೆಡಿಇಗೇ ಮರಳಿತು.

ಈ ವಿದ್ಯೆ ಕನ್ನಡಿಗರಿಗೆ ಅಲಂಕಾರಕ್ಕಿಂತ ಹೆಚ್ಚಿನದು. ಕನ್ನಡ ಲಿಪಿ 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಸ್ಥಾನ ಪಡೆಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಅಕ್ಷರವಿನ್ಯಾಸವೂ ಬಂದಿತು. ಅಲ್ಲಿಗೆ ಕನ್ನಡದಲ್ಲಿ ಬರೆಯುವುದು ಸಾಧ್ಯವಾಯಿತಾದರೂ, ಬರೆದುದು ಪರದೆಯ ಮೇಲೆ ಚೆನ್ನಾಗಿ ಕಾಣಬೇಕಾದರೆ ವಿನ್ಯಾಸಕರ ಗಮನವೂ ಬೇಕು. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಅಳೆದ ಸಾಲಿನ ಎತ್ತರ ನಮ್ಮ ಒತ್ತಕ್ಷರಗಳಿಗೆ ಸಾಲದು. ‘ಕನ್ನಡ’ ಎಂಬ ಹೆಸರಿನಲ್ಲಿಯೇ ಒಂದು ಒತ್ತಕ್ಷರವಿದೆ; ‘ರಾಷ್ಟ್ರ’ ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡು. ಸಂದೇಶದ ಪೆಟ್ಟಿಗೆಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿ, ಮಿಕ್ಕುದನ್ನು ಮರೆಮಾಡಲು ಹೇಳಿದರೆ ಕತ್ತರಿಸಿಹೋಗುವುದು ಮೊದಲಿಗೆ ಈ ಒತ್ತುಗಳೇ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಿಸಿ, ಪೆಟ್ಟಿಗೆ ತಾನಾಗಿ ಬೆಳೆಯುವಂತೆ ಬಿಟ್ಟರೆ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಇದಕ್ಕೆ ಬೇಕಾದುದು ಸಿಎಸ್‌ಎಸ್‌ನ ಎರಡು ಸಾಲು.

ಗಡಿನಾಡಿನ ನಮ್ಮ ಸಂಭಾಷಣೆಗಳಲ್ಲಿ ಒಂದು ಸಂದೇಶ ಕನ್ನಡದಲ್ಲಿದ್ದರೆ ಮರುಸಂದೇಶ ಮಲಯಾಳದಲ್ಲಿರುವುದು ಸಹಜ. ಸಿಎಸ್‌ಎಸ್‌ನಲ್ಲಿ ಅಕ್ಷರವಿನ್ಯಾಸಗಳ ಹೆಸರನ್ನು ಸಾಲಾಗಿ ಕೊಟ್ಟರೆ, ಮೊದಲನೆಯದರಲ್ಲಿ ಇಲ್ಲದ ಅಕ್ಷರವನ್ನು ಗಣಕ ಮುಂದಿನದರಲ್ಲಿ ಹುಡುಕುತ್ತದೆ. ಎರಡು ಲಿಪಿಗಳಿಗೂ ಸಮಾನ ಗೌರವ ಸಲ್ಲುವ ಕಿಟಕಿಯನ್ನು ಹೊಸಬರೂ ಹೀಗೆ ಕಟ್ಟಬಲ್ಲರು. ಈ ಅಗತ್ಯವನ್ನು ದಿನನಿತ್ಯ ಬಲ್ಲವರು ನಾವು. ದೂರದ ವಿನ್ಯಾಸಕರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಆದರೆ ಆ ಪಾಠಶಾಲೆಯ ಬಾಗಿಲು ಇಂದು ಬಹುಪಾಲು ಮುಚ್ಚಿದೆ. ಎಐಎಂ 2017ರಲ್ಲಿ, ಯಾಹೂ ಮೆಸೆಂಜರ್ 2018ರಲ್ಲಿ, ಐಸಿಕ್ಯೂ 2024ರಲ್ಲಿ ನಿಂತುಹೋದವು. ಮೊಬೈಲಿನ ಜನಪ್ರಿಯ ಸಂದೇಶ ತಂತ್ರಾಂಶಗಳು ಹಿನ್ನೆಲೆಯ ಚಿತ್ರವನ್ನೂ ಕೆಲವು ಬಣ್ಣಗಳನ್ನೂ ಆಯ್ದುಕೊಳ್ಳಲು ಬಿಡುತ್ತವೆಯೇ ಹೊರತು, ಒಳಗಿನ ಕಡತವನ್ನು ತೆರೆದು ತೋರಿಸುವುದಿಲ್ಲ. ಬಳಕೆದಾರರು ಮತ್ತೆ ಅಚ್ಚಿನ ಕಾಲದ ಓದುಗರ ಸ್ಥಾನಕ್ಕೇ ಸರಿದಿದ್ದಾರೆ.

ಹಾಗೆಂದು ವಿದ್ಯೆ ನಷ್ಟವಾಗಿಲ್ಲ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಇಂದಿಗೂ ಎಲ್ಲರಿಗೂ ಮುಕ್ತ. ಬೇಕಾಗುವ ಸಲಕರಣೆ ಒಂದು ಪಠ್ಯ ಸಂಪಾದಕ ಮತ್ತು ಒಂದು ಬ್ರೌಸರ್. ನಮ್ಮ ಸಂಘಗಳು ರಜಾಕಾಲದ ಶಿಬಿರಗಳಲ್ಲಿ ಕಾವ್ಯವಾಚನ, ಯಕ್ಷಗಾನಗಳ ಜೊತೆಗೆ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬಹುದು. ಅಜ್ಜಿ ಮೊಮ್ಮಗಳ ನಾಲ್ಕು ಮಾತಿನ ಸಂಭಾಷಣೆಯನ್ನು ಕನ್ನಡದಲ್ಲಿ ಬರೆದು, ಅದಕ್ಕೆ ಪೆಟ್ಟಿಗೆ, ಬಣ್ಣ, ತೆರಪುಗಳನ್ನು ಮಕ್ಕಳೇ ಕೂಡಿಸಲಿ. ಒತ್ತಕ್ಷರ ಕತ್ತರಿಸಿಹೋದಾಗ ಅದು ಏಕೆ ಹೋಯಿತೆಂದು ಕೇಳುವ, ಸರಿಪಡಿಸುವ ಬಗೆಯನ್ನು ತಾವೇ ಕಂಡುಕೊಳ್ಳುವ ಮಕ್ಕಳು ನಮ್ಮಲ್ಲಿ ಬೆಳೆದರೆ, ಮುಂದಿನ ತಂತ್ರಾಂಶಗಳಲ್ಲಿ ಕನ್ನಡ ಹೇಗೆ ಕಾಣಬೇಕೆಂಬ ನಿರ್ಧಾರದಲ್ಲಿ ಗಡಿನಾಡಿನ ಮಾತಿಗೂ ಪಾಲಿರುತ್ತದೆ.